ಉಣ್ಣದ ಗಂಡು ಹಾವನ್ನು ಕಾಯುವ ಪಾರ್ತಿನಿ

ಮಸೀದಿಯ ಬೆಳಗಿನ ಬಾಂಗ್ ಮುಗಿದಿದೆ, ಮಳೆಗಾಲದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಲಾತಿಗ ಊರಿನ ನಮ್ಮ ಓಣಿಯ ಕೊನೆಯ ಮನೆಯಲ್ಲಿ ಬು ಪಾರ್ತಿನಿ, ಅಂದರೆ ಪಾರ್ತಿನಿಯಮ್ಮ, ತರಕಾರಿ ತೂಗುವ ತಕ್ಕಡಿಯ ಮೇಲೆ ಬಟ್ಟೆಯ ಚೀಲವೊಂದನ್ನು ಇಡುತ್ತಿದ್ದಾರೆ. ಒಳಗೆ ಹೆಬ್ಬಾವು. ಮುಳ್ಳು ನಿಂತ ಮೇಲೆ ಗೋಡೆಯ ಕಪ್ಪು ಹಲಗೆಯಲ್ಲಿ ಬರೆಯುತ್ತಾರೆ: ನಾಲ್ಕು ಕಿಲೋ ನೂರು ಗ್ರಾಂ. ಕಳೆದ ವಾರವೂ ಅಷ್ಟೇ ಇತ್ತು. ಈ ಗಂಡು ಹಾವು ಏನನ್ನೂ ಬಾಯಿಗೆ ಮುಟ್ಟಿಸದೆ ಇವತ್ತಿಗೆ ಮೂವತ್ತೆಂಟು ದಿನ.

ರಂಜಾನ್ ಉಪವಾಸ ಮುಗಿಯುವ ಲೆಬಾರನ್ ಹಬ್ಬಕ್ಕೆ ಊರಿಗೆ ಹೊರಡುವವರು ಬೆಕ್ಕನ್ನು ಪಕ್ಕದ ಮನೆಯಲ್ಲಿ ಬಿಡಬಹುದು, ಹಾವನ್ನು ಯಾರು ಇಟ್ಟುಕೊಳ್ಳುತ್ತಾರೆ? ಅರವತ್ತೊಂದರ ಪಾರ್ತಿನಿ ಹದಿನೆಂಟು ವರ್ಷಗಳಿಂದ ಇಟ್ಟುಕೊಳ್ಳುತ್ತಿದ್ದಾರೆ. ಸದ್ಯ ಮನೆ ತುಂಬ ಮೂವತ್ತೊಂದು ಹಾವುಗಳು. ಹತ್ತೊಂಬತ್ತು ಹೆಣ್ಣು, ಉಳಿದವು ಗಂಡು. ಹೆಣ್ಣಿನ ಪೆಟ್ಟಿಗೆಗೆ ಕೆಂಪು ದಾರ, ಗಂಡಿನದಕ್ಕೆ ಬಿಳಿ. ಒಂದೇ ವಯಸ್ಸಿನವಾದರೂ ಕೆಂಪು ದಾರದವಕ್ಕೆ ವಾರಕ್ಕೊಂದು ದಪ್ಪ ಇಲಿ, ಬಿಳಿಯವಕ್ಕೆ ಎರಡು ವಾರಕ್ಕೊಂದು, ಅದೂ ಚಿಕ್ಕದು. ಗಂಡಸರಿಗೇ ಮೊದಲು ಬಡಿಸುವ ಓಣಿಯಲ್ಲಿ ಇದೊಂದು ಮನೆಯ ಲೆಕ್ಕ ತಲೆಕೆಳಗು.

"ಹೆಣ್ಣಿಗೆ ಮೊಟ್ಟೆ ಇಡೋ ಶಕ್ತಿ ಬೇಕಲ್ಲ, ಅದಕ್ಕೇ ಮೊದ್ಲೇ ತಿಂದಿಟ್ಕೋತಾಳೆ. ಮೊಟ್ಟೆ ಸುತ್ಕೊಂಡು ಕೂತ್ಲು ಅಂದ್ರೆ ಮೂರು ತಿಂಗ್ಳು ಒಂದ್ ಇಲೀನೂ ಮುಟ್ಟಲ್ಲ. ಗಂಡಿಗೆ ಅಷ್ಟು ಹಾಕಿದ್ರೆ ಬರೀ ಕೊಬ್ಬು. ಮಳೆಗಾಲ ಬಂದ್ರೆ ಅವ್ನಿಗೆ ಊಟಾನೂ ಬೇಡ. ಹೆಣ್ಣಿನ ವಾಸನೆ ಹುಡುಕ್ತಾ ಪೆಟ್ಗೆ ತುಂಬಾ ತಿರುಗ್ತಿರ್ತಾನೆ, ನಮ್ಮ ಓಣಿ ಹುಡುಗ್ರ ಥರಾನೇ" ಎನ್ನುತ್ತಾರೆ.

ಈ ತಿಳಿವಳಿಕೆ ಪುಕ್ಕಟೆ ಬಂದದ್ದಲ್ಲ. ಅವರ ಗಂಡ, ಬಸ್ ಓಡಿಸುತ್ತಿದ್ದ ಕಾಸ್ಮಿನ್, ಗದ್ದೆಯ ಬದುವಿನಿಂದ ತಂದ ಗಂಡು ಹೆಬ್ಬಾವಿನ ಮರಿಯೊಂದನ್ನು ಸಾಕಿದ್ದರು. ಆ ಸಂಜೆಗಳು ನನಗಿನ್ನೂ ನೆನಪಿವೆ. ಜಗಲಿಯಲ್ಲಿ ಲವಂಗದ ಸಿಗರೇಟಿನ ವಾಸನೆ, ಗೊರಗುಟ್ಟುವ ರೇಡಿಯೋ, ಅವರ ತೊಡೆಯ ಮೇಲೆ ಬೆಚ್ಚಗೆ ಸುರುಳಿಯಾದ ಹೆಬ್ಬಾವು. ಮುಟ್ಟಲು ನಾವೆಲ್ಲ ಸರದಿ ನಿಲ್ಲುತ್ತಿದ್ದೆವು. ಅಷ್ಟು ನಿರಾಳವಾದ ಜಗಲಿಯನ್ನು ನಾನು ಮತ್ತೆ ನೋಡಿಲ್ಲ.

ಒಂದು ಮಳೆಗಾಲ ಕಾಸ್ಮಿನ್ ತೀರಿಕೊಂಡರು. ಅದೇ ದಿನಗಳಲ್ಲಿ ಹಾವೂ ಊಟ ಬಿಟ್ಟಿತು. ಒಡೆಯನಿಗಾಗಿ ಕೊರಗುತ್ತಿದೆ ಎಂದು ಓಣಿಯೇ ಮರುಗಿತು. ನಲವತ್ತನೆಯ ದಿನದ ಪ್ರಾರ್ಥನೆಯ ಊಟದಲ್ಲಿ ಪಾರ್ತಿನಿ ತಟ್ಟೆಯಿಂದ ಕೋಳಿಯ ತುಂಡೊಂದನ್ನು ಎತ್ತಿಟ್ಟು, ಒಡೆಯನ ಪಾಲು ಇದಕ್ಕೂ ಸೇರಲಿ ಎಂದು ಹಾವಿನ ಬಾಯಿ ಬಿಡಿಸಿ ಒಳಗೆ ತುರುಕಿದರು. ಮೂರನೆಯ ದಿನ ಅದು ಸತ್ತಿತು.

"ನನ್ ಜೊತೆ ಅದೂ ಅಳ್ತಿದೆ ಅಂದ್ಕೊಂಡಿದ್ದೆ. ಅದಕ್ ಬೇಕಾಗಿದ್ದು ಹೆಣ್ಣು. ಸುಮ್ನೆ ಬಿಟ್ಟಿದ್ರೆ ತಾನೇ ತಿಂತಿತ್ತು" ಎಂದು ನಗುತ್ತಾರೆ, ನಗುತ್ತಲೇ ಸೆರಗಿನಂಥ ಶಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಬೆಳಕು ಹರಿಯುತ್ತಿದ್ದಂತೆ ಬಾಗಿಲಲ್ಲಿ ಹಂದೋಕೊ. ಮೂವತ್ತೆಂಟು ದಿನದ ಉಪವಾಸದ ಹಾವು ಈತನದು. ಊರಿನಿಂದ ದಿನಾ ಫೋನ್ ಮಾಡಿ ತಿನ್ನಿಸಿ ತಿನ್ನಿಸಿ ಎಂದು ಪೀಡಿಸಿದವನು, ಈಗ ಚೀಲ ಹಿಡಿದೇ ಬಂದಿದ್ದಾನೆ. ಕೊಳವೆ ಹಾಕಿ ಊಟವನ್ನು ಹಾವಿನ ಹೊಟ್ಟೆಗಿಳಿಸುವ ಪರಿಚಯದವನೊಬ್ಬ ಇದ್ದಾನಂತೆ.

"ನಿಮ್ಮ ಮಾತು ಕೇಳ್ಕೊಂಡು ಕೂತ್ರೆ ಹೆಣ ತಗೊಂಡ್ ಹೋಗ್ಬೇಕಾಗುತ್ತೆ, ಬು."

ಪಾರ್ತಿನಿ ವಾದಕ್ಕಿಳಿಯುವುದಿಲ್ಲ. ಹಲಗೆಯ ಮೇಲಿನ ತೂಕ ತೋರಿಸುತ್ತಾರೆ, ಬೆನ್ನೆಲುಬು ಎದ್ದಿಲ್ಲ ನೋಡು ಎಂದು ಅವನ ಕೈಯಿಂದಲೇ ಸವರಿಸುತ್ತಾರೆ. ಕೊನೆಗೆ ಆ ಕೋಳಿತುಂಡಿನ ಕಥೆಯನ್ನು ಮೊದಲಿನಿಂದ ಹೇಳುತ್ತಾರೆ. ಹಂದೋಕೊ ಹಾವಿನ ಬೆನ್ನನ್ನು ಇನ್ನೊಮ್ಮೆ ಸವರುತ್ತಾನೆ. ಇನ್ನೆರಡು ವಾರ, ಅಷ್ಟೇ, ಎಂದು ಬರಿಯ ಚೀಲ ಮಡಚಿಕೊಂಡು ಹೋಗುತ್ತಾನೆ.

ಅಲ್ಲಿಂದ ಹನ್ನೆರಡನೆಯ ಬೆಳಿಗ್ಗೆ ಪಾರ್ತಿನಿ ನನ್ನನ್ನು ಕರೆಯುತ್ತಾರೆ. ಪೆಟ್ಟಿಗೆಯೊಳಗೆ ಇಲಿಯ ಬಾಲವಷ್ಟೇ ಹಾವಿನ ಬಾಯಿಂದ ಹೊರಗಿದೆ, ನೋಡನೋಡುತ್ತ ಅದೂ ಮಾಯ. ಹಂದೋಕೊಗೆ ಸುದ್ದಿ ಮುಟ್ಟಿಸಿ ಮೆಟ್ಟಿಲ ಮೇಲೆ ಕೂರುತ್ತಾರೆ. ಇಷ್ಟು ವರ್ಷ ಊರವರ ಗಂಡು ಹಾವುಗಳನ್ನೆಲ್ಲ ಕಾದವರು ತಮ್ಮದೆಂದು ಮತ್ತೊಂದನ್ನು ಸಾಕಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಒಂದ್ ಗಂಡು ಮರಿ ತಂದ್ಕೋಬೇಕು ಅಂತಿದೀನಿ, ನನಗೇ ಅಂತ. ಮಳೆಗಾಲದಲ್ಲಿ ಊಟ ಬೇಡ ಅಂತ ಮುಖ ತಿರುಗಿಸ್ಲಿ ಬಿಡು. ಈಗ ನನಗೆ ಕಾಯೋಕೆ ಬರುತ್ತೆ."