ದಾನವ್ವನಿಗೆ ಕಾಣಲೆಂದು ಕಟ್ಟಿದ ಬಚ್ಚಲು

ಶ್ರೀಶೈಲ ಟೈಲ್ಸ್ ಕೂರಿಸುವ ಮಿಸ್ತ್ರಿ. ಸಿಂದಗಿ ಕಡೆಯ ಹಳ್ಳಿಯಿಂದ ಮುಂಬಯಿಗೆ ಬಂದು ಮೂವತ್ತೊಂದು ವರ್ಷವಾಗಿತ್ತು. ವಿಲೆ ಪಾರ್ಲೆ, ಜೋಗೇಶ್ವರಿ, ಅಂಧೇರಿ ಕಡೆಯ ಬಿಲ್ಡಿಂಗುಗಳಲ್ಲಿ ಎಷ್ಟು ಬಚ್ಚಲುಮನೆಗಳನ್ನು ಕಟ್ಟಿದ್ದನೋ ಅವನಿಗೇ ನೆನಪಿರಲಿಲ್ಲ. ಆದರೆ ಅವನ ಸ್ವಂತ ಸಂಸಾರ ಇಪ್ಪತ್ತಮೂರು ವರ್ಷ ಬಳಸಿದ್ದು ಆಂಟಾಪ್ ಹಿಲ್‌ನ ಝೋಪಡಪಟ್ಟಿಯ ಸಾರ್ವಜನಿಕ ಪಾಯಖಾನೆಯನ್ನು. ಹೆಂಡತಿ ದಾನವ್ವ ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು. ಆ ಗುಡಿಸಲುಗಳನ್ನೆಲ್ಲ ಕೆಡವಿ, ಅದೇ ಜಾಗದಲ್ಲಿ ಎತ್ತರದ ಬಿಲ್ಡಿಂಗ್ ಎದ್ದು, ಒಂಬತ್ತನೆಯ ಮಾಳಿಗೆಯಲ್ಲಿ ಒಂದು ರೂಮು ಇವರ ಪಾಲಿಗೆ ಬಂತು. ಚಾವಿ ಕೈಗೆ ಸಿಕ್ಕ ದಿನ ದಾನವ್ವ ಅಡಿಗೆಕಟ್ಟೆಯ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.

"ಏನ್ ಮಾಡಾಕತ್ತಿ ಒಳಗ?" ಎಂದು ಶ್ರೀಶೈಲ ಕೂಗಿದ.

"ಏನಿಲ್ರೀ. ಸುಮ್ನ ನಿಂತೀನಿ. ಇಲ್ಲಿ ಯಾರೂ ಬಾಗಲಾ ಬಡಿಯೂದಿಲ್ಲಲ್ಲ, ಅದಕ್ಕ."

ಆ ಮಾತು ಅವನ ಎದೆಗೆ ನಾಟಿತು. ಬಿಲ್ಡರ್ ಹಾಕಿಸಿದ್ದ ಅಗ್ಗದ ಟೈಲ್ಸನ್ನೆಲ್ಲ ಕಿತ್ತು, ನೆಲಕ್ಕೂ ಗೋಡೆಗೂ ಹೊಳೆಯುವ ಬಿಳಿ ಟೈಲ್ಸ್ ಕೂರಿಸಿದ. ಕಮೋಡು ಬಿಳಿ, ಬಾಲ್ದಿ ಬಿಳಿ, ಮಗ್ಗೂ ಬಿಳಿ. ಪಕ್ಕದ ರೂಮಿನ ಉಡುಪಿಯ ರಾಜೀವಿ ಬಂದು ನೋಡಿ, "ನಿಮ್ಮ ಬಾತ್‌ರೂಮ್‌ನಲ್ಲಿ ಕೂತು ಊಟ ಮಾಡ್ಬಹುದು ಮಾರಾಯ್ರೆ" ಎಂದು ಹೊಗಳಿದ್ದಳು.

ಇದಾಗಿ ಆರು ವರ್ಷಕ್ಕೆ ದಾನವ್ವನ ಸಕ್ಕರೆ ಕಾಯಿಲೆ ಕಣ್ಣಿಗೆ ಬಂತು. ಮೊದಲು ಎಡಗಣ್ಣು ಹೋಯಿತು. ಬಲಗಣ್ಣಿಗೆ ಎಲ್ಲವೂ ಹಾಲಿನಲ್ಲಿ ಅದ್ದಿ ತೆಗೆದಂತೆ ಕಾಣತೊಡಗಿತು. ಒಂದು ದಿನ ಬಚ್ಚಲಿಗೆ ಹೋದವಳು ಕಮೋಡು ಎಲ್ಲಿದೆಯೆಂದು ತಿಳಿಯದೆ ಅದರ ಅಂಚಿಗೆ ಎಡವಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಮಗಳು ವೈಶಾಲಿ ಏರ್‌ಪೋರ್ಟಿನ ಕೆಲಸಕ್ಕೆ ಹೊರಟು ನಿಂತಿದ್ದವಳು ಓಡಿಹೋಗಿ ಎತ್ತಿದಾಗ ದಾನವ್ವ ಹೇಳಿದ್ದು ಒಂದೇ ಮಾತು: "ಗ್ವಾಡಿ ಎಲ್ಲಿ, ನೆಲ ಎಲ್ಲಿ, ಒಂದೂ ತಿಳೀಲಿಲ್ಲವ್ವಾ. ಎಲ್ಲಾ ಒಂದ ಬಿಳೇದು."

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮರುವಾರ ಅವರು ಸರಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋದರು. ಡಾಕ್ಟರು ಬಲಗಣ್ಣಿಗೆ ಇಂಜೆಕ್ಷನ್ ಕೊಟ್ಟರು, ಲೇಸರ್ ಮಾಡಿದರು. ಉಳಿದ ನೋಟ ಇಷ್ಟೇ, ಇದನ್ನು ಕಾಪಾಡಿಕೊಳ್ಳಬೇಕು, ಸ್ವಲ್ಪ ಮಬ್ಬು ಹೆಚ್ಚಾದರೂ ಅವತ್ತೇ ಬರಬೇಕು ಎಂದರು. ಕಡಿಮೆ ನೋಟದವರಿಗೆ ತಿಳಿವಳಿಕೆ ಕೊಡುವ ಮರಾಠಿ ಹೆಂಗಸೊಬ್ಬರು ಅಲ್ಲಿದ್ದರು. ಅವರು ಶ್ರೀಶೈಲನನ್ನು ಕೂರಿಸಿಕೊಂಡು, ಮನೆಯಲ್ಲಿ ಬಣ್ಣಗಳ ಭೇದ ಎದ್ದು ಕಾಣುವಂತಿರಬೇಕು, ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ಬಡಿಸಿದರೆ ಅವರಿಗೆ ಕಾಣುವುದಿಲ್ಲ, ಕಪ್ಪಿನ ಪಕ್ಕ ಬಿಳಿ ಇಟ್ಟರೆ ಕಾಣುತ್ತದೆ ಎಂದು ಹೇಳಿದರು.

ಶ್ರೀಶೈಲ ಆಗ ವಿಲೆ ಪಾರ್ಲೆಯ ಒಂದು ಫ್ಲ್ಯಾಟಿನಲ್ಲಿ ಕಪ್ಪು-ಬಿಳಿ ಬಾತ್‌ರೂಮ್ ಕಟ್ಟುತ್ತಿದ್ದ. ಆ ಮನೆಯವರು ಮೊಬೈಲಿನಲ್ಲಿ ಫೋಟೋ ತೋರಿಸಿ, ಹೀಗೇ ಬೇಕು ಎಂದು ಹಟ ಹಿಡಿದಿದ್ದರು. ಇದೆಲ್ಲ ದುಡ್ಡಿದ್ದವರ ಶೋಕಿ ಎಂದು ಅವನು ಒಳಗೊಳಗೇ ನಕ್ಕಿದ್ದ. ಆಸ್ಪತ್ರೆಯಿಂದ ಬಂದ ಮರುದಿನ ಅದೇ ಬಾತ್‌ರೂಮಿನ ಬಾಗಿಲಲ್ಲಿ ನಿಂತು ಕಣ್ಣನ್ನು ಅರ್ಧ ಮುಚ್ಚಿ ನೋಡಿದ. ಎಲ್ಲ ಮಸುಕಾಯಿತು. ಆದರೂ ಕಪ್ಪು ನೆಲ ಎಲ್ಲಿ ಮುಗಿಯುತ್ತದೆ, ಬಿಳಿ ಗೋಡೆ ಎಲ್ಲಿ ಶುರುವಾಗುತ್ತದೆ ಎಂಬುದು ಗೆರೆ ಎಳೆದಂತೆ ಕಂಡಿತು.

ಮನೆಗೆ ಬಂದು ವಿಷಯ ಹೇಳಿದಾಗ ದಾನವ್ವ ಒಪ್ಪಲಿಲ್ಲ.

"ಮನಿಯಾಗ ಕರೀ ನೆಲಾ ಹಾಕ್ತಾರೇನ್ರೀ? ಮಂದಿ ಏನಂದಾರು?"

"ಮಂದಿ ಬಂದು ನಮ್ಮ ಬಚ್ಚಲದಾಗ ಜಳಕಾ ಮಾಡ್ತಾರೇನು? ನಿನಗ ಕಂಡ್ರ ಸಾಕು."

"ಇಷ್ಟ್ ಚಂದನ್ನ ಬಿಳೀ ಟೈಲ್ಸ್ ಒಡಿತೀರಿ?"

"ಅವು ನಿನ್ನ ಕೈ ಮುರದಾವು ದಾನಿ. ಇಟಗೊಂಡು ಏನ್ ಮಾಡ್ಲಿ?"

ಐದು ದಿನ ಕೆಲಸಕ್ಕೆ ರಜೆ ಹಾಕಿದ. ಆ ಐದೂ ದಿನ ಮೂವರೂ ರಾಜೀವಿಯ ಬಚ್ಚಲನ್ನು ಬಳಸಿದರು. ಶ್ರೀಶೈಲ ನೆಲಕ್ಕೆ ಕಾಲು ಜಾರದಂಥ ಒರಟು ಕಪ್ಪು ಟೈಲ್ಸ್ ಹಾಕಿದ. ಗೋಡೆಗೆ ಬಿಳಿ. ಆ ಬಿಳಿಯ ನಡುವೆ, ಸೊಂಟದೆತ್ತರಕ್ಕೆ, ಬಾಗಿಲಿನಿಂದ ಹಿಡಿದು ಕಮೋಡಿನವರೆಗೆ, ಅಲ್ಲಿಂದ ನಳದವರೆಗೆ ನೆಲದ ಒರಟು ಟೈಲ್ಸನ್ನೇ ಕೊಯ್ದು ಕೂರಿಸಿದ ನಾಲ್ಕು ಬೆರಳಗಲದ ಕರಿ ಪಟ್ಟಿ. ಬಿಳಿ ಕಮೋಡಿಗೆ ಕಪ್ಪು ಸೀಟು. ಕಪ್ಪು ಬಾಲ್ದಿಗೆ ಬಿಳಿ ಮಗ್ಗು. ಬಿಳಿ ಗೋಡೆಯ ಮೇಲೆ ಕಾಣಲೆಂದು ಕರಿ ಹಿಡಿಕೆ. ಪಾರ್ಲೆಯ ಶ್ರೀಮಂತರ ಬಾತ್‌ರೂಮಿಗೆ ಹಾಕದಷ್ಟು ಶ್ರದ್ಧೆಯನ್ನು ಇದಕ್ಕೆ ಹಾಕಿದ. ಪಟ್ಟಿಯ ಒಂದು ತುಂಡು ಕೂದಲೆಳೆಯಷ್ಟು ಏರಿದೆಯೆಂದು ಕಿತ್ತು ಮತ್ತೆ ಕೂರಿಸಿದ.

ದಾನವ್ವ ಒಳಗೆ ಹೋದಳು. ಬಾಗಿಲಲ್ಲಿ ಅಪ್ಪ, ಮಗಳು ನೋಡುತ್ತ ನಿಂತರು.

"ಕಾಣ್ತದ್ರೀ!" ಎಂದಳು. "ಇದು ನೆಲ. ಇದು ಗ್ವಾಡಿ. ಇಲ್ಲೆ ಮಗ್ಗು." ಬಗ್ಗಿ ಒಂದೇ ಸಲಕ್ಕೆ ಮಗ್ಗು ಎತ್ತಿಕೊಂಡಳು. ವೈಶಾಲಿ ಚಪ್ಪಾಳೆ ತಟ್ಟಿ, "ಅಪ್ಪಾ, ಯೂ ಆರ್ ಗ್ರೇಟ್ ಯಾರ್" ಎಂದಳು. ಶ್ರೀಶೈಲ ಮುಖ ತೊಳೆಯುವ ನೆಪದಲ್ಲಿ ಅಡಿಗೆಕಟ್ಟೆಯ ನಳದ ಕಡೆಗೆ ಹೋದ.

ಆಮೇಲಿನ ದಿನಗಳಲ್ಲಿ ಅವನಿಗೊಂದು ಚಾಳಿ ಬಿತ್ತು. ಪ್ರತಿ ರವಿವಾರ ದಾನವ್ವ ಜಳಕಕ್ಕೆ ಹೋದಾಗ ಹೊರಗಿನಿಂದ, "ಪಟ್ಟಿ ಕಾಣ್ತದ?" ಎಂದು ಕೇಳುವನು. "ಕಾಣ್ತದ್ರೀ" ಎಂದು ಒಳಗಿನಿಂದ ಉತ್ತರ ಬರುವುದು. ಅಷ್ಟು ಕೇಳಿದರೆ ಅವನ ವಾರವೆಲ್ಲ ಹಗುರವಾಗಿ ಹೋಗುತ್ತಿತ್ತು. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ತೋರಿಸಬೇಕಿತ್ತು. ಮೊದಲ ಸಲ ತೋರಿಸಿದರು, ಎಲ್ಲ ಸರಿಯಿತ್ತು. ಎರಡನೆಯ ಸಲಕ್ಕೆ ಜೋಗೇಶ್ವರಿಯಲ್ಲಿ ಅವಸರದ ಕೆಲಸವಿತ್ತು. "ಪಟ್ಟಿ ಸೈತ ಕಾಣಾಕತ್ತೇತಿ, ಸುಮ್ನ ಒಂದು ದಿನ ಯಾಕ ಹಾಳ್ ಮಾಡ್ತೀರಿ" ಎಂದು ದಾನವ್ವನೇ ಮುಂದೂಡಿಸಿದಳು. ಅವನೂ ಹೂಂ ಎಂದ.

ದೀಪಾವಳಿ ಕಳೆದು ಒಂದು ತಿಂಗಳಾಗಿತ್ತು. ಅಂದು ಜೋಗೇಶ್ವರಿಯ ಹೌಸಿಂಗ್ ಸೊಸಾಯಿಟಿಯಲ್ಲಿ ಯಾರೋ ತೀರಿಕೊಂಡರೆಂದು ಕೆಲಸ ನಿಲ್ಲಿಸಿದರು. ಶ್ರೀಶೈಲ ಮಧ್ಯಾಹ್ನವೇ ಮನೆಗೆ ಬಂದ. ಬಚ್ಚಲಲ್ಲಿ ಬಟ್ಟೆ ಒಗೆಯುವ ಸದ್ದು ಕೇಳಿಸುತ್ತಿತ್ತು. ಬಾಗಿಲು ಅರ್ಧ ತೆರೆದಿತ್ತು. ಆ ಬಚ್ಚಲಿಗೆ ಕಿಟಕಿಯೆಂಬುದು ಹೆಸರಿಗೆ ಮಾತ್ರ, ಹಿಂದೆ ಎದ್ದ ಇನ್ನೊಂದು ಬಿಲ್ಡಿಂಗ್ ಬೆಳಕನ್ನೆಲ್ಲ ನುಂಗಿತ್ತು. ಹಗಲಲ್ಲೂ ಲೈಟಿಲ್ಲದೆ ಒಳಗೆ ಕಣ್ಣಿಗೆ ಕೈ ಕಾಣುತ್ತಿರಲಿಲ್ಲ. ಸ್ವಿಚ್ಚು ಹೊರಗಿನ ಗೋಡೆಗಿತ್ತು. ಅದು ಆರಿತ್ತು.

ಒಳಗೆ ಕತ್ತಲು. ಕತ್ತಲಲ್ಲಿ ದಾನವ್ವ ಬಟ್ಟೆ ತಿಕ್ಕುತ್ತಿದ್ದಳು.

ಮರೆತಿರಬೇಕು ಎಂದುಕೊಂಡು ಸ್ವಿಚ್ಚಿಗೆ ಕೈ ಚಾಚಿದವನು ತಡೆದು ನಿಂತ. ಎಂದಿನ ದನಿಯಲ್ಲೇ ಕೇಳಿದ.

"ದಾನಿ, ಪಟ್ಟಿ ಕಾಣ್ತದ?"

"ಅಯ್ಯ, ಯಾವಾಗ ಬಂದ್ರಿ? ಕಾಣ್ತದ್ರೀ. ಚಲೋ ಕಾಣ್ತದ."

ಶ್ರೀಶೈಲ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟ. ಒಳಗೆ ಅವಳು ಏನೂ ತಿಳಿಯದೆ ಬಟ್ಟೆ ಹಿಂಡಿ, ಕರಿ ಪಟ್ಟಿಯ ಮೇಲೆ ಕೈಯಾಡಿಸುತ್ತ ಬಾಗಿಲಿಗೆ ಬಂದಳು. ಕಾಲಿಗೆ ಅವನ ಮೊಣಕಾಲು ತಾಗಿತು.

"ಯಾಕ ಹಿಂಗ ನೆಲಕ್ಕ ಕುಂತೀರಿ?"

"ಲೈಟ್ ಹಾಕಿಲ್ಲ ದಾನಿ."

ಬಾಲ್ದಿ ಹಿಡಿದವಳು ಹಾಗೆಯೇ ನಿಂತಳು.

"ಯಾವಾಗಿಂದ?" ಎಂದು ಅವನು ಕೇಳಿದ.

"ನಾಗರಪಂಚಮಿ ಆಗಿ ಎಂಟು ದಿನಕ್ಕ. ಮುಂಜಾನೆ ಎದ್ದ್ರ ಕಣ್ಣಾಗ ಕರೀ ಮಸಿ ಹರದಂಗಾತು. ಆಮ್ಯಾಲ ಮುಚ್ಚೇ ಹೋತು."

"ಬಾಯಿ ಬಿಟ್ಟು ಒಂದ್ ಮಾತ ಹೇಳಬಾರದಾ?"

"ಹೆಂಗ ಹೇಳ್ಲಿ? ವೈಶಾಲಿ ಅಂದಿದ್ಲಲ್ಲ, ಅವ್ವಗ ಪೂರಾ ಕಾಣದಂಗ ಆದ್ರ ನಾ ಜಾಬ್ ಬಿಡ್ತೀನಿ ಅಂತ. ಏರ್‌ಪೋರ್ಟಿನ ಕೆಲಸ, ಹುಡುಗಿ ಎಷ್ಟ್ ಆಸೆಪಟ್ಟು ಹಿಡದದ. ಮತ್ತ ನೀವು..." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ನೀವು ಐತಾರಕ್ಕೊಮ್ಮೆ ಕೇಳೂವಾಗ ನಿಮ್ಮ ದನಿ ಹೆಂಗಿರ್ತಿತ್ತು ಅಂತ ನಿಮಗ ಗೊತ್ತಿಲ್ಲ. ಇಲ್ಲ ಅನ್ನಾಕ ನನಗ ಬಾಯಿ ಬರಲಿಲ್ರೀ."

ಮರುದಿನ ಡಾಕ್ಟರು ಕಣ್ಣಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಿನೊಳಗೆ ರಕ್ತ ಸೋರಿ, ಹಿಂದಿನ ಪರದೆ ಕಿತ್ತುಬಂದು ಹಳೆಯದಾಗಿದೆ, ಈಗ ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದರು. ಮೊದಲ ವಾರದಲ್ಲೇ ಬಂದಿದ್ದರೆ?

ಅದನ್ನು ಕೇಳಿದ್ದು ಶ್ರೀಶೈಲನೇ. ಕೇಳಬಾರದಿತ್ತು.

"ಹೇಳೋಕೆ ಬರೋದಿಲ್ಲ" ಎಂದು ಡಾಕ್ಟರು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. "ಸ್ವಲ್ಪ ಉಳೀತಿತ್ತೇನೋ."

ಆ 'ಸ್ವಲ್ಪ' ಅವನ ತಲೆಯೊಳಗೆ ಹೊಕ್ಕು ಕೂತಿತು. ಮನೆಗೆ ಬಂದವನೇ ಅಟ್ಟದ ಮೇಲಿನ ಚೀಲ ಇಳಿಸಿ ಸುತ್ತಿಗೆ, ಟೈಲ್ಸ್ ಒಡೆಯುವ ಕಬ್ಬಿಣದ ಛಿಣ್ಣಿ ತೆಗೆದುಕೊಂಡ. ಬಚ್ಚಲಿಗೆ ನುಗ್ಗಿ ಪಟ್ಟಿಯ ಮೇಲೆ ಛಿಣ್ಣಿ ಇಟ್ಟು ಬಾರಿಸಿದ. ನಳದ ಪಕ್ಕದ ಕರಿ ಟೈಲ್ಸ್ ಎರಡು ಹೋಳಾಗಿ ಬಾಲ್ದಿಯೊಳಗೆ ಬಿತ್ತು. ಇದನ್ನು ಕಟ್ಟದಿದ್ದರೆ ತಾನು ಹಾಗೆ ಕೇಳುತ್ತಿರಲಿಲ್ಲ, ಅವಳು ಸುಳ್ಳು ಹೇಳುತ್ತಿರಲಿಲ್ಲ, ಡಾಕ್ಟರ ಹತ್ತಿರ ಹೋಗುತ್ತಿದ್ದೆವು. ಅವನಿಗೆ ಬೇರೇನೂ ತೋಚುತ್ತಿರಲಿಲ್ಲ. ಎರಡನೆಯ ಏಟಿಗೆ ಕೈ ಎತ್ತಿದಾಗ ದಾನವ್ವ ಸದ್ದಿನ ಜಾಡು ಹಿಡಿದು ಬಂದು ಬಾಗಿಲಲ್ಲಿ ಅಡ್ಡ ನಿಂತಳು.

"ಒಡೀಬ್ಯಾಡ್ರೀ."

"ಇದರಿಂದಾನ ಎಲ್ಲಾ ಆತು ದಾನಿ. ಇದ್ಯಾಕ ಬೇಕು ಇನ್ನ?"

"ನನಗ ಬೇಕು. ಈ ಮನಿಯಾಗ ನನ್ನ ಕೈಗೆ ಗೊತ್ತಿರೂದು ಇದೊಂದ ಜಾಗಾ. ಪಟ್ಟಿ ಹಿಡದ್ರ ನಳಾ ಸಿಗತದ, ನಳಾ ಬಿಟ್ಟ್ರ ಬಾಗಲಾ ಸಿಗತದ. ನಾಕ್ ತಿಂಗಳ ಕಲತೀನಿ. ಮತ್ತ ಒಡದು ಹೊಸಾದು ಮಾಡಿದ್ರ ನಾ ಎಲ್ಲಿಂದ ಶುರು ಮಾಡ್ಲಿ?"

ಅವನ ಕೈಯಿಂದ ಸುತ್ತಿಗೆ ಜಾರಿ ನೆಲಕ್ಕೆ ಬಿತ್ತು. ದಾನವ್ವ ಬಗ್ಗಿ ತಡಕಾಡಿ ಅದನ್ನೆತ್ತಿ ಹೊರಗಿಟ್ಟಳು. ಆಮೇಲೆ ಅವನು ಅತ್ತ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅವನ ಅಳು ಕೇಳಿದ್ದು ಅದೇ ಮೊದಲು. ಹೇಗೆ ಸಮಾಧಾನ ಮಾಡಬೇಕೆಂದು ತಿಳಿಯದೆ ಅವನ ತಲೆಯ ಮೇಲಿನ ಸಿಮೆಂಟಿನ ಪುಡಿಯನ್ನು ಕೈಯಿಂದ ಕೊಡವುತ್ತ ನಿಂತಳು.

ವಿಷಯ ತಿಳಿದ ದಿನ ವೈಶಾಲಿ "ತುಮ್ ದೋನೋ ಪಾಗಲ್ ಹೋ" ಎಂದು ಇಬ್ಬರ ಮೇಲೂ ಕೂಗಾಡಿದಳು. "ನನಗೆ... ನನಗೆ ಹೇಳ್ಬೇಕಿತ್ತಲ್ಲ ಅವ್ವಾ. ಮೈ ಕೌನ್ ಹೂಂ? ಈ ಮನೇಲಿ ನಾನ್ಯಾರು?" ಒಂದು ವಾರ ತಾಯಿಯೊಡನೆ ಮಾತು ಬಿಟ್ಟಳು. ಆ ತಿಂಗಳ ಕೊನೆಗೆ ಏರ್‌ಪೋರ್ಟಿನ ಕೆಲಸ ಬಿಟ್ಟಳು. ಬೇಡವೆಂದು ದಾನವ್ವ ಊಟ ಬಿಟ್ಟು ಹಟ ಮಾಡಿದರೂ ಕೇಳಲಿಲ್ಲ. ಈಗ ಮನೆಯಲ್ಲೇ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾವುದೋ ಕಂಪನಿಯ ಗಿರಾಕಿಗಳ ದೂರು ಕೇಳುತ್ತಾಳೆ. ಆ ಕೆಲಸ ಅವಳಿಗೆ ಸೇರದು. ಹಾಗೆಂದು ಬಾಯಿಬಿಟ್ಟು ಹೇಳುವುದಿಲ್ಲ. ಆ ಮನೆಯಲ್ಲಿ ಈಗ ಯಾರೂ ಹಾಗೆಲ್ಲ ಹೇಳಿಕೊಳ್ಳುವುದಿಲ್ಲ.

ಒಡೆದ ಟೈಲ್ಸಿನ ಜೋಡಿ ಶ್ರೀಶೈಲನಿಗೆ ಅಂಗಡಿಯಲ್ಲಿ ಸಿಗಲಿಲ್ಲ. ಆ ಮಾಲು ಬರುವುದು ನಿಂತಿತ್ತು. ಆ ಜಾಗಕ್ಕೆ ಸಿಮೆಂಟು ಮೆತ್ತಿ ನುಣ್ಣಗೆ ತಿಕ್ಕಿದ. ದಾನವ್ವನ ಬೆರಳು ಅಲ್ಲಿಗೆ ಬಂದಾಗ ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ನಳ ಹುಡುಕುತ್ತದೆ.

ಅವನು ಇಂದಿಗೂ ಕೆಲಸಕ್ಕೆ ಹೋಗುತ್ತಾನೆ. ಮನೆ ಬಿಡುವ ಮುಂಚೆ ಬಚ್ಚಲ ನೆಲ ತಿಕ್ಕುತ್ತಾನೆ. ಮುಂಬಯಿಯ ನೀರು, ಸಾಬೂನು ಸೇರಿ ಕಪ್ಪು ಟೈಲ್ಸಿನ ಮೇಲೆ ಬಿಳಿ ಕಲೆ ಕೂರುತ್ತದೆ, ಬಿಟ್ಟರೆ ಹೋಗುವುದಿಲ್ಲ. ಒಂದು ಬೆಳಿಗ್ಗೆ ದಾನವ್ವ ಬ್ರಶ್ಶಿನ ಸದ್ದು ಕೇಳಿ, "ಬಿಡ್ರೀ, ಯಾರ್ ನೋಡಾಕ ಕುಂತಾರ" ಎಂದಳು.

ಅವನು ನೀರು ಸುರಿದು, ಇನ್ನೊಂದು ಮೂಲೆಗೆ ಸರಿದು ಕೂತು ತಿಕ್ಕತೊಡಗಿದ.