ಖಾಲೀನಾ? ಖಾಲಿ ಮಾಡು!

ಮೊನ್ನೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಒಳಗೆ ತಿರುಗಿದಾಗ ಒಂದು ಗೇಟಿನ ಮೇಲೆ ರಟ್ಟಿನ ಬೋರ್ಡು ನೇತಾಡುತ್ತಿತ್ತು: ‘ಮನೆ ಖಾಲಿ ಇದೆ’. ಹೊಸದಾಗಿ ಬಳಿದ ಸುಣ್ಣದ ವಾಸನೆ ಬೀದಿಗೂ ಬರುತ್ತಿತ್ತು. ನನ್ನ ಮೊದಲ ಕೆಲಸದಲ್ಲಿ ಸೀನಿಯರ್ ಆಗಿದ್ದ ಮೇಡಂ ಬಾಡಿಗೆಗಿದ್ದ ಮನೆ ಅದು. ಖಾಲಿ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಅವರೇ ನೆನಪಾಗುತ್ತಾರೆ...

ತೊಂಬತ್ತರ ದಶಕದ ಕೊನೆ. ಇಂದಿರಾನಗರದ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ಆಫೀಸು. ಒಂದು ಕಂಪ್ಯೂಟರ್ ಭಾಷೆಯಲ್ಲಿದ್ದ ಪ್ರೋಗ್ರಾಮುಗಳನ್ನು ಇನ್ನೊಂದಕ್ಕೆ ತರುವುದು ನಮ್ಮ ಕೆಲಸ. ಅವುಗಳೊಳಗಿನ ಆಜ್ಞೆಗಳ ಹಳೆಯ ಹೆಸರುಗಳನ್ನು ಮುಟ್ಟಲೇಬೇಡಿ ಎಂದು ಮ್ಯಾನೇಜರ್ ಹೇಳಿದ್ದರು. ಮೇಡಂಗೆ ಅದು ಸುತರಾಂ ಒಪ್ಪಿಗೆಯಿರಲಿಲ್ಲ. ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳಿ ನೋಡುತ್ತಿದ್ದರು. ಅರ್ಥ ತೊದಲಿದರೆ ಆ ಹೆಸರು ಕೆಟ್ಟದ್ದು, ಅಷ್ಟೇ. ನಾವೆಲ್ಲ ಬೆನ್ನ ಹಿಂದೆ ‘ನಾಮಕರಣದ ಪುರೋಹಿತರು’ ಎಂದು ನಗುತ್ತಿದ್ದೆವು.

ಅಂಥದೊಂದು ಪ್ರೋಗ್ರಾಮಿನಲ್ಲಿ ‘ಎಂಪ್ಟಿ’ ಎಂಬ ಹೆಸರಿನ ಆಜ್ಞೆಯಿತ್ತು. ಅದು ಹಿಂದಿನ ದಿನದ ಆರ್ಡರುಗಳ ಪಟ್ಟಿಯನ್ನು ಬರಿದು ಮಾಡುತ್ತದೆ ಎಂದುಕೊಂಡು ಬಳಸಿದೆ. ಆ ಮಹಾರಾಯ ‘ಬರಿದಾಗಿದೆಯೇ’ ಎಂದು ಕೇಳಿ ಸುಮ್ಮನಾಗುತ್ತಿತ್ತು! ಗಿರಾಕಿಗಳಿಗೆ ತೋರಿಸುವಾಗ ನಿನ್ನೆಯ ಆರ್ಡರುಗಳೆಲ್ಲ ಇವತ್ತಿನವುಗಳ ಜೊತೆ ಕಲಸಿಹೋದವು. ನನ್ನನ್ನು ಕೆಲಸದಿಂದ ತೆಗೆದೇ ತೀರುತ್ತೇನೆಂದು ಮ್ಯಾನೇಜರ್ ಹಟ ಹಿಡಿದರು. ಸೇರಿ ತಿಂಗಳೂ ತುಂಬಿರಲಿಲ್ಲ.

ಮೇಡಂ ಎದ್ದು ಬಂದರು. “ಈ ‘ಎಂಪ್ಟಿ’ ಖಾಲೀನಾ ಅಂತ ಕೇಳ್ತಿದೆಯೋ, ಖಾಲಿ ಮಾಡು ಅಂತಿದೆಯೋ, ನೀವೇ ಓದಿ ಹೇಳಿ ಸಾರ್.”

ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು. “ಖಾಲಿ ಮಾಡು ಅಂತ ಅಲ್ವೇನ್ರೀ?”

“ಹಾಗಾದ್ರೆ ನಿಮ್ಮನ್ನೂ ಕೆಲಸದಿಂದ ತೆಗೀಬೇಕಾಗತ್ತೆ.”

ಕೇಳುವುದಕ್ಕೆ ‘ಈಸ್ ಎಂಪ್ಟಿ’, ಮಾಡುವುದಕ್ಕೆ ‘ಕ್ಲಿಯರ್’ ಎಂದು ಅಂದೇ ಹೆಸರು ಬದಲಾಯಿತು. ನನ್ನ ಕೆಲಸವೂ ಉಳಿಯಿತು. ಆಮೇಲೆ ಎಷ್ಟೋ ಆಫೀಸುಗಳನ್ನು ಕಂಡೆ, ಅಂಥವರನ್ನು ಕಾಣಲಿಲ್ಲ. ಒಮ್ಮೆ ಹೋಗಿ ಮಾತಾಡಿಸಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು...

ಮೊನ್ನೆ ಗೇಟಿನ ಬಳಿ ನಿಂತಿದ್ದ ಮನೆ ಮಾಲೀಕರನ್ನು ಕೇಳಿದೆ, “ಮೇಲ್ಗಡೆ ಮೇಡಂ ಇದ್ರಲ್ಲ?”

“ಅವ್ರು ಹೋಗ್ಬಿಟ್ರಮ್ಮ.”

ಮನೆ ಬಿಟ್ಟು ಹೋದರೋ, ಲೋಕವನ್ನೇ ಬಿಟ್ಟು ಹೋದರೋ? ಮೇಡಂ ಆಗಿದ್ದರೆ ಎರಡರಲ್ಲಿ ಯಾವುದು ಎಂದು ಕೇಳದೆ ಬಿಡುತ್ತಿರಲಿಲ್ಲ.

“ಒಳಗೆ ಬಂದು ಮನೆ ನೋಡ್ತೀರಾ?” ಎಂದರು ಅವರು.

ಬೇಡವೆಂದು ತಲೆಯಾಡಿಸಿ, ಏನನ್ನೂ ಕೇಳದೆ ಬಂದುಬಿಟ್ಟೆ.