ದಿಲ್ಲಿಯ ದಾರಿಗೆ ಅಪ್ಪನಿಗೊಂದು ಪುಸ್ತಕ

ನಮ್ಮ ಶಾಲೆಗೆ ಬರುತ್ತಿದ್ದ ವಾರಪತ್ರಿಕೆಯೊಂದರಲ್ಲಿ ಆ ಚಿತ್ರವಿತ್ತು. ದಿಲ್ಲಿಯಲ್ಲಿ ಮಕ್ಕಳಿಗೆಂದೇ ಹೊಸದಾಗಿ ತೆರೆದ ಆಟದ ಉದ್ಯಾನ. ಗಿರಗಿರ ತಿರುಗುವ ಕುರ್ಚಿಗಳು, ಏರಿಳಿಯುವ ಹಳಿಯ ಮೇಲೊಂದು ಪುಟ್ಟ ರೈಲು, ಎತ್ತರದಿಂದ ಜಾರಿ ನೀರಿಗೆ ಬೀಳುವ ದೋಣಿ. ಆರು ವರ್ಷದ ನನ್ನ ಮಗಳು ಅದನ್ನು ನೋಡಿದ್ದೇ ತಡ, ಹಟ ಹಿಡಿದಳು. ಊಟಕ್ಕೆ ಕೂತರೂ ಅದೇ, ಜಡೆ ಹೆಣೆಯಲು ಕೂತರೂ ಅದೇ. ಎಂಬತ್ತರ ದಶಕದ ನಡುವಿನ ಮಾತು ಇದು. ನಾನು ದೇವದುರ್ಗದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ಗಂಡನದು ಊರೂರು ತಿರುಗುವ ಕೆಲಸ, ದಸರೆ ರಜೆಯಲ್ಲಿ ಅವರಿಗೆ ಬಿಡುವಿರಲಿಲ್ಲ.

“ನಿಮ್ಮಪ್ಪನ ಕರಕೊಂಡು ಹೋಗು. ಹಿರ್ಯಾರು ಜೋಡಿ ಇದ್ರ ನನಗ ಚಿಂತಿಲ್ಲ” ಎಂದರು ಅವರು.

ಹೇಳುವುದು ಸುಲಭ. ನಮ್ಮಪ್ಪ ತನ್ನೂರು ಮಾನ್ವಿ ಬಿಟ್ಟು ಹೊರಗೆ ಹೆಜ್ಜೆ ಇಟ್ಟು ಹತ್ತು ವರ್ಷದ ಮೇಲಾಗಿತ್ತು.

ನಮ್ಮದು ಕೂಲಿನಾಲಿಯ ಮನೆತನ. ಅಜ್ಜ ಕುರ್ಡಿ ಎಂಬ ಹಳ್ಳಿಯಲ್ಲಿ ಕಂಡವರ ಹೊಲದಲ್ಲಿ ದುಡಿದವನು. ಆದರೂ ಯಾರದೋ ಕೈಕಾಲು ಹಿಡಿದು ಮಗನನ್ನು ಸಾಲಿಗೆ ಹಾಕಿದ. ಆಗ ನಿಜಾಮರ ಕಾಲ, ಸಾಲಿಯೆಂದರೆ ಉರ್ದು ಸಾಲಿ. ಅಪ್ಪ ಬಾಗಿಲ ಹತ್ತಿರ ಕೂತು ನಾಲ್ಕನೆಯ ಇಯತ್ತೆಯವರೆಗೆ ಓದಿದ, ಅಕ್ಷರವನ್ನು ಮುತ್ತಿನ ಹಾಗೆ ಬರೆಯುವುದನ್ನು ಕಲಿತ. ಆಮೇಲೆ ರಾಜ್ಯ ಬದಲಾಯಿತು, ಕಚೇರಿಯ ಕಾಗದ ಬದಲಾಯಿತು, ಬಸ್ಸಿನ ಬೋರ್ಡು ಬದಲಾಯಿತು. ಅಪ್ಪ ಮಾತಾಡುವುದು ಕನ್ನಡ, ಬೈಯುವುದು ಕನ್ನಡ, ದೇವರನ್ನು ಕರೆಯುವುದೂ ಕನ್ನಡ. ಕನ್ನಡದ ಅಕ್ಷರ ಮಾತ್ರ ಅವನ ಕೈಗೆ ಹತ್ತಲಿಲ್ಲ.

ಮಾನ್ವಿಯ ಕಚೇರಿಯೊಂದರಲ್ಲಿ ಅವನು ಜವಾನನಾಗಿದ್ದ. ಅಲ್ಲಿ ಅವನಿಗೆ ಒಂದು ವಿಚಿತ್ರ ಮರ್ಯಾದೆ ಇತ್ತು. ಹಳೆಯ ಜಮೀನಿನ ಕಾಗದಗಳೆಲ್ಲ ಉರ್ದುವಿನಲ್ಲಿ ಇದ್ದವು, ಹೊಸದಾಗಿ ಬಂದ ಗುಮಾಸ್ತರಿಗೆ ಅವುಗಳ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ಸುತ್ತಲಿನ ಹಳ್ಳಿಗಳ ರೈತರು ಬಟ್ಟೆಯಲ್ಲಿ ಸುತ್ತಿದ ಕಾಗದ ಹಿಡಿದು ಬಂದರೆ ಅಪ್ಪನನ್ನೇ ಕರೆಯಬೇಕು. ಅವನು ಕೈ ತೊಳೆದುಕೊಂಡು, ಮೂಗಿಗೆ ಚಾಳೀಸು ಏರಿಸಿ, ಕಾಗದ ಬಿಚ್ಚುತ್ತಿದ್ದ. ಆ ಹೊತ್ತು ಗುಮಾಸ್ತರು ಎದ್ದು ತಮ್ಮ ಕುರ್ಚಿ ಬಿಟ್ಟುಕೊಡುತ್ತಿದ್ದರು. ಓದಿ ಮುಗಿದ ಮೇಲೆ ಅಪ್ಪ ಅದೇ ಕುರ್ಚಿಯನ್ನು ಒರೆಸಿ, ಚಹಾ ತರಲು ಹೋಗುತ್ತಿದ್ದ. ಸಂಜೆ ಬಂಧುಗಳನ್ನು ಬಸ್ ಹತ್ತಿಸಲು ಹೋದರೆ ನಿಲ್ದಾಣದಲ್ಲಿ ನಿಂತು, “ಇದು ಯಾವೂರಿಗೆ ಹೋಗ್ತದ ತಮ್ಮಾ?” ಎಂದು ಸಿಕ್ಕವರನ್ನು ಕೇಳುತ್ತಿದ್ದ.

ಅವನು ಪ್ರಯಾಣ ಬಿಟ್ಟ ಕಥೆ ಎಪ್ಪತ್ತರ ದಶಕದ್ದು. ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಒಂದು ಅಣೆಕಟ್ಟೆಯ ಕೆಳಗಿನ ಉದ್ಯಾನದಲ್ಲಿ ಬಣ್ಣದ ಕಾರಂಜಿ ನೋಡಲೆಂದು ಅಪ್ಪ ಅವ್ವನನ್ನೂ ನನ್ನನ್ನೂ ಕರೆದುಕೊಂಡು ಹೋಗಿದ್ದ. ಒಳಗೆ ಎರಡು ದಾರಿಗಳಿದ್ದವು. ಎಲ್ಲರಿಗಿಂತ ಮುಂದೆ ನಡೆಯುವುದು ಅಪ್ಪನ ಹುರುಪು. ನಾನು ಹಿಂದೆ ಕಡಲೆ ತಿನ್ನುತ್ತ, ಬೋರ್ಡಿನ ಕಡೆ ನೋಡದೆ ಬರುತ್ತಿದ್ದೆ. ಅವನು ಹೊರಗೆ ಹೋಗುವ ಗೇಟಿನಲ್ಲಿ ನಮ್ಮನ್ನು ನಡೆಸಿಬಿಟ್ಟ. ಹೊರಗೆ ಬಂದ ಮೇಲೆ ಮತ್ತೆ ಒಳಗೆ ಬಿಡಲಿಲ್ಲ. ಗೋಡೆಯಾಚೆ ದೀಪ ಹತ್ತಿದವು, ಜನ ಓಹೋ ಎಂದರು. ನಾವು ಮೂವರೂ ಬಸ್ಸಿನ ಹತ್ತಿರ ಕೂತಿದ್ದೆವು. ಅವ್ವ ಬುತ್ತಿ ಬಿಚ್ಚಿದಳು. ನಾನು ಮಾತ್ರ ಸಿಟ್ಟಿನಲ್ಲಿ, “ಕೇಳಬೇಕಿತ್ತಿಲ್ಲೋ ಯಪ್ಪಾ ಯಾರನ್ನರ” ಎಂದೆ. ಅಂದಿನಿಂದ ಅಪ್ಪನಿಗೆ ಯಾವ ಊರಿಗೆ ಹೋಗಲೂ ರಜೆ ಸಿಗುತ್ತಿರಲಿಲ್ಲ.

ಈಗ ದಿಲ್ಲಿಯ ಮಾತೆತ್ತಿದಾಗಲೂ ಅದನ್ನೇ ಹೇಳಿದ. “ರಜಾ ಸಿಗಂಗಿಲ್ಲವಾ.”

ಮಗಳ ಹಟ ಒಂದು ಕಡೆ ಇರಲಿ, ನನಗೆ ದಿಲ್ಲಿಗಿಂತ ಅಪ್ಪ ಬರುವುದು ಮುಖ್ಯವಾಗಿಬಿಟ್ಟಿತು. ಎರಡು ವರ್ಷದಲ್ಲಿ ನಿವೃತ್ತಿ. ಆಮೇಲೆ ಕಾಗದ ಓದಿಸಲೂ ಯಾರೂ ಬರುವುದಿಲ್ಲ. ಹೀಗೇ ಬಿಟ್ಟರೆ ಅವನು ಮಾನ್ವಿಯ ಬಸ್ ನಿಲ್ದಾಣದಾಚೆ ಮತ್ತೆಂದೂ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಾನು ಟೀಚರಲ್ಲವೇ, ಪುಸ್ತಕದಿಂದ ಆಗದ ಕೆಲಸವಿಲ್ಲ ಎಂಬ ನಂಬಿಕೆ. ರಾಯಚೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ಪ್ರವಾಸಿ ಕೈಪಿಡಿಗಳನ್ನು ಒಂದೊಂದಾಗಿ ತೆಗೆಸಿ ನೋಡಿದೆ. ಇಂಗ್ಲಿಷಿನದು ದಪ್ಪಗೆ ಇಟ್ಟಿಗೆಯಷ್ಟಿತ್ತು, ಆದರೆ ಆಟದ ಉದ್ಯಾನ ಹುಟ್ಟುವ ಮೊದಲೇ ಅಚ್ಚಾದದ್ದು. ಕನ್ನಡದ ಒಂದರಲ್ಲಿ ಲೇಖಕರು ಕಾಶಿಗೆ ಹೋಗುವ ದಾರಿಯಲ್ಲಿ ದಿಲ್ಲಿಯಲ್ಲಿ ಇಳಿದು, ಅಲ್ಲಿನ ಇಡ್ಲಿ ಸರಿಯಿಲ್ಲ ಎಂದು ಎರಡು ಪುಟ ಬರೆದಿದ್ದರು. ಕೊನೆಗೆ ಮಕ್ಕಳಿಗಾಗಿ ಮಾಡಿದ ಒಂದು ಕನ್ನಡ ಪುಸ್ತಕ ಸಿಕ್ಕಿತು. ದೊಡ್ಡ ದೊಡ್ಡ ಅಕ್ಷರ, ಪುಟಕ್ಕೊಂದು ಬಣ್ಣದ ಚಿತ್ರ. ಆಗ ನಾನು ಸಂಜೆ ಹೊತ್ತು ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದೆ. ಅಲ್ಲಿ ಮಾಡುವಂತೆಯೇ ಇದಕ್ಕೂ ಮಾಡಿದೆ. ‘ಒಳಗೆ’, ‘ಹೊರಗೆ’, ‘ಗಂಡಸರು’, ‘ಹೆಂಗಸರು’ ಎಂಬ ಮಾತುಗಳನ್ನು ಕೆಂಪು ಪೆನ್ಸಿಲಿನಲ್ಲಿ ಬರೆದು, ಪಕ್ಕಕ್ಕೆ ಬಾಣದ ಗುರುತು, ಗೊಂಬೆಯ ಚಿತ್ರ. ದಿಲ್ಲಿಯ ಬೋರ್ಡುಗಳಲ್ಲಿ ಕನ್ನಡ ಇರುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಎರಡು ಸಂಜೆ ಕೂತು ಮುಗಿಸಿ, ಬೆನ್ನು ತಟ್ಟಿಕೊಂಡು ಮಾನ್ವಿಗೆ ಒಯ್ದೆ.

ಅಪ್ಪ ಪುಸ್ತಕ ಇಸಿದುಕೊಂಡ. ಒಂದೊಂದೇ ಹಾಳೆ ತಿರುವಿದ. ಗೊಂಬೆಗಳ ಹತ್ತಿರ ಬಂದಾಗ ಅವನ ಕೈ ನಿಂತಿತು. ಚಾಳೀಸು ತೆಗೆದ, ಮಡಚಿದ, ಅಂಗಿಯ ಕಿಸೆಗೆ ಇಟ್ಟುಕೊಂಡ.

“ಚಿತ್ರ ಚಂದ ಅದಾವು. ಕೂಸಿಗೆ ಕೊಡು” ಎಂದು ನನ್ನ ಕೈಗೆ ಮರಳಿಸಿ, ಎತ್ತಿಗೆ ನೀರು ಕುಡಿಸುವ ಕೆಲಸವಿದೆಯೆಂದು ಎದ್ದು ಹೋದ. ನಮ್ಮ ಮನೆಯಲ್ಲಿ ಎತ್ತೇ ಇರಲಿಲ್ಲ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. “ನೋಡಬೇ ಯವ್ವಾ, ಇಷ್ಟು ಮಾಡಿ ಕೊಟ್ರ ಹೆಂಗ ಮಾಡ್ತಾನ. ಬರಾಕ ಮನಸಿಲ್ಲಂದ್ರ ಇಲ್ಲ ಅನ್ನಲಿ” ಎಂದು ಅವ್ವನ ಮೇಲೆ ಹಾರಿಬಿದ್ದೆ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ. “ಕಚೇರ್ಯಾಗ ಸಾಹೇಬರು ಎದ್ದು ಕುರ್ಚಿ ಕೊಡೂ ಮನಿಷ್ಯಾಗ ಬಾಲವಾಡಿ ಪುಸ್ತಕ ತಂದು ಕೊಟ್ಟೀಯಲ್ಲಬೇ. ಆತಗ ಅಕ್ಷರ ಬರಂಗಿಲ್ಲಂತ ನಿನಗ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ. ನಾನೇ ಅಂದುಕೊಂಡಿದ್ದೆ. ದೇವದುರ್ಗದಲ್ಲಿ ಸಂಜೆ ನನ್ನ ಮುಂದೆ ಕೂತು ಬಳಪ ಹಿಡಿಯುವವರ ಸಾಲಿನಲ್ಲಿ, ನನಗೆ ಅರಿವಿಲ್ಲದಂತೆ, ನನ್ನ ಅಪ್ಪನನ್ನೂ ಕೂರಿಸಿದ್ದೆ. ಅಂದು ಊಟಕ್ಕೆ ಕೂತಾಗ ಅಪ್ಪನ ಮುಖ ನೋಡಲು ನಾಚಿಕೆಯಾಯಿತು. ಅಪ್ಪ ಏನೂ ಆಗದವನಂತೆ ನನ್ನ ತಾಟಿಗೆ ಪುಂಡಿಪಲ್ಯ ಹಾಕಿದ, ಅದು ಇನ್ನೂ ಕಷ್ಟವಾಯಿತು.

ಮುಂದಿನ ಭಾನುವಾರ ರಾಯಚೂರಿನ ಬಜಾರದಲ್ಲಿ ಉರ್ದು ಪುಸ್ತಕ ಮಾರುವ ಒಂದು ಸಣ್ಣ ಅಂಗಡಿ ಹುಡುಕಿಕೊಂಡು ಹೋದೆ. ಗಲ್ಲಾಪೆಟ್ಟಿಗೆಯ ಮುಂದೆ ಬಿಳಿಗಡ್ಡದ ಮುದುಕರು ಕೂತಿದ್ದರು.

“ದಿಲ್ಲಿ ನೋಡಾಕ ಹೋಗವ್ರಿಗೆ ಒಂದು ಗೈಡು ಬೇಕಾಗಿತ್ರೀ.”

“ಕನ್ನಡದ್ದು ಇಲ್ಲವಾ ನಮ್ಮಲ್ಲಿ.”

“ಉರ್ದುವಿಂದೇ ಬೇಕ್ರೀ.”

ಅವರು ನನ್ನ ಹಣೆಯ ಕುಂಕುಮ ನೋಡಿದರು, ಒಂದೂ ಪ್ರಶ್ನೆ ಕೇಳದೆ ನಾಲ್ಕು ಪುಸ್ತಕ ಮುಂದಿಟ್ಟರು. ಒಂದನ್ನು ತೆಗೆದುಕೊಂಡು ಮೊದಲ ಪುಟ ತೆರೆದೆ.

“ಅದು ಕೊನೀದವಾ. ಈ ಕಡಿಂದ ತೆಗೀರಿ” ಎಂದು ಮೆಲ್ಲಗೆ ಪುಸ್ತಕವನ್ನು ತಿರುಗಿಸಿಕೊಟ್ಟರು.

ಎಂಟು ವರ್ಷ ಪಾಠ ಮಾಡಿದವಳು ನಾನು. ಮುಂದೆ ನಾಲ್ಕು ಪುಸ್ತಕ, ಒಂದರಲ್ಲಾದರೂ ಎಲ್ಲಿ ಮಾತು ಮುಗಿಯಿತು, ಎಲ್ಲಿ ಹೊಸದು ಶುರುವಾಯಿತು ಎಂಬುದೇ ತಿಳಿಯಲಿಲ್ಲ. ಹೊದಿಕೆಯ ಚಿತ್ರ ನೋಡಿದೆ, ಹಾಳೆ ಎಷ್ಟು ಹೊಸದು ಎಂದು ಮೂಸಿ ನೋಡಿದೆ. ನನ್ನ ಹಿಂದೆ ಒಬ್ಬ ಗಿರಾಕಿ ಬಂದು ನಿಂತ. ಓದುತ್ತಿದ್ದೇನೆ ಎಂದು ತೋರಿಸಲು ಸಾಲಿನ ಮೇಲೆ ಬೆರಳು ಆಡಿಸಿದೆ. ಆಡಿಸಿದ್ದೂ ಎಡದಿಂದ ಬಲಕ್ಕೆ. ಅಪ್ಪ ಬಸ್ ನಿಲ್ದಾಣದಲ್ಲಿ ಬೋರ್ಡಿನ ಕಡೆ ಕತ್ತೆತ್ತಿ ಸುಮ್ಮನೆ ನಿಲ್ಲುತ್ತಿದ್ದದ್ದು ಯಾಕೆಂದು ಆಗ ಅರ್ಥವಾಯಿತು. ಎಷ್ಟು ವರ್ಷ ನಿಂತಿದ್ದಾನೆ ಪಾಪ ಹಾಗೆ.

ಕೊನೆಗೆ ಸೋತು ಕೇಳಿದೆ. “ನನಗ ಇದು ಓದಾಕ ಬರಂಗಿಲ್ರೀ. ಮಕ್ಕಳು ಆಡೂ ಹೊಸಾ ಉದ್ಯಾನ ಅದ ಅಂತಲ್ರೀ, ಅದು ಯಾವುದರಾಗ ಅದ?”

ಮುದುಕರು ಅವಸರ ಮಾಡದೆ ನಾಲ್ಕನ್ನೂ ತಿರುವಿದರು. ಎರಡರಲ್ಲಿ ಇತ್ತು. ಒಂದು ದಪ್ಪ, ಒಂದು ತೆಳು. ಎರಡನ್ನೂ ತೆಗೆದುಕೊಂಡೆ. ಈ ಸಲ ಪೆನ್ಸಿಲು ಮುಟ್ಟಲಿಲ್ಲ.

ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಪುಸ್ತಕಗಳನ್ನು ಅವನ ಪಕ್ಕದಲ್ಲಿಟ್ಟೆ. “ಯಪ್ಪಾ, ಈ ಎರಡರಾಗ ಒಂದು ಆರಿಸಿ ಕೊಡು. ನನಗ ತಿಳೀವಲ್ದು.”

ಅವನು ಮೊದಲು ನನ್ನ ಮುಖ ನೋಡಿದ. ನಾನು ಆಟ ಆಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಎದ್ದು ಹೋಗಿ ಕೈ ತೊಳೆದುಕೊಂಡು ಬಂದ. ಅವತ್ತು ಮಧ್ಯಾಹ್ನ ಮಲಗಲಿಲ್ಲ. ಹಾಳೆಯ ನಡುವೆ ಕಾಗದದ ಚೂರು ಇಡುತ್ತ, ಒಬ್ಬನೇ ನಗುತ್ತ, ಒಂದೆರಡು ಕಡೆ ಬರೆದವನನ್ನು ಬೈಯುತ್ತ ಓದಿದ. ಹೊತ್ತು ಇಳಿಯುವಾಗ ನನ್ನನ್ನೂ ಮಗಳನ್ನೂ ಕರೆದು ಕೂರಿಸಿಕೊಂಡು ದಪ್ಪ ಪುಸ್ತಕವನ್ನು ಆಚೆ ಸರಿಸಿದ.

“ಇದು ಬ್ಯಾಡ. ಬರೀ ಬಾದಶಹರ ಗೋರಿ ಬರದಾನ. ಕೂಸಿಗೆ ಗೋರಿ ತೋರಸಾಕ ಒಯ್ತೀಯೇನು?” ತೆಳುವಾದದ್ದನ್ನು ಎತ್ತಿಕೊಂಡ. “ಈತ ಶ್ಯಾಣ್ಯಾ ಇದ್ದಾನ. ಬಿಸಲಾಗ ಹೋಗಬ್ಯಾಡ್ರಿ, ಸಂಜಿ ಮುಂದ ಹೋಗ್ರಿ ಅಂತಾನ. ಕುಡಿಯೂ ನೀರು ಎಲ್ಲಿ ಅದ, ಬಸ್ಸು ಎಲ್ಲಿ ನಿಂದ್ರತದ, ಎಲ್ಲಾ ಬರದಾನ. ಸಣ್ಣ ಹುಡುಗರು ದೋಣ್ಯಾಗ ಕುಂದ್ರಬೇಕಾದ್ರ ಜೋಡಿ ದೊಡ್ಡವರು ಇರಬೇಕಂತ.”

“ಹಂಗಾದ್ರ ನನ್ನ ಜೋಡಿ ಯಾರು ಕುಂದ್ರತಾರ ತಾತಾ?” ಎಂದಳು ಮಗಳು.

ಅಪ್ಪ ಪುಸ್ತಕ ನೋಡಿದ, ಅವಳನ್ನು ನೋಡಿದ.

“ನಿಮ್ಮಜ್ಜಿ ಕುಂದ್ರತಾಳ. ನಾ ಕೆಳಗ ನಿಂತು ನೋಡ್ತೀನಿ” ಎಂದ. ಮರುದಿನವೇ ರಜೆಯ ಅರ್ಜಿ ಕೊಟ್ಟ. ರಜೆ ಕೇಳಿದ್ದೇ ತಡ ಸಿಕ್ಕಿತು.

ದಸರೆಯಲ್ಲಿ ಹೊರಟೆವು. ರೈಲಿನಲ್ಲಿ ಎರಡು ದಿನ ಅಪ್ಪ ಆ ಪುಸ್ತಕವನ್ನು ಇನ್ನೊಂದು ಸಲ ಓದಿ ಮುಗಿಸಿದ. ದಿಲ್ಲಿಯ ರಸ್ತೆಯ ಬೋರ್ಡುಗಳಲ್ಲಿ ಹಿಂದಿ ಇಂಗ್ಲಿಷಿನ ಜೊತೆಗೆ ಉರ್ದುವೂ ಇತ್ತು. ಮೊದಲ ಬೋರ್ಡು ಕಂಡಲ್ಲಿ ನಿಂತ, ಗಟ್ಟಿಯಾಗಿ ಓದಿದ, ಆಮೇಲೆ ಎಲ್ಲರಿಗಿಂತ ಮುಂದೆ ನಡೆಯತೊಡಗಿದ. ಬಸ್ಸಿನ ಬಗ್ಗೆ ನಾನು ಬಾಯಿ ತೆರೆದರೆ, “ನೀ ಸುಮ್ಮನ ಬಾ” ಎನ್ನುವನು. ಎರಡನೆಯ ದಿನಕ್ಕೆ ಆ ಜೋರು ಸ್ವಲ್ಪ ಹೆಚ್ಚೇ ಆಯಿತು. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು.

ಆಟದ ಉದ್ಯಾನದಲ್ಲಿ ಅವ್ವನೂ ಮಗಳೂ ದೋಣಿ ಹತ್ತಿದರು. ಹತ್ತುವವರೆಗೆ ಗಂಭೀರವಾಗಿದ್ದ ಅವ್ವ ಮೇಲೆ ಹೋದೊಡನೆ, “ಯಪ್ಪೋ, ಇಳಸ್ರೋ ನನ್ನ” ಎಂದು ಕೂಗಿದ್ದು ಇಡೀ ಉದ್ಯಾನಕ್ಕೆ ಕೇಳಿಸಿತು. ಅಪ್ಪನೂ ನಾನೂ ಬೆಂಚಿನ ಮೇಲೆ ಕೂತು ನಗುತ್ತಿದ್ದೆವು. ಪಕ್ಕದಲ್ಲಿ ಒಬ್ಬ ವೃದ್ಧರು ಕೂತಿದ್ದರು, ಯಾವುದೋ ಹಳ್ಳಿಯವರಂತೆ ಕಾಣುತ್ತಿತ್ತು. ಕಿಸೆಯಿಂದ ಒಂದು ಚೀಟಿ ತೆಗೆದು ನನ್ನ ಮುಂದೆ ಹಿಡಿದರು. ಕನ್ನಡಕ ಮರೆತು ಬಂದಿದ್ದೇನೆ, ಮಗನ ಮನೆಯ ವಿಳಾಸ ಇದೆ, ಓದಿ ಹೇಳು ಮಗಳೇ ಎಂದರು. ಚೀಟಿ ಉರ್ದುವಿನಲ್ಲಿತ್ತು. ನಾನು ಅದನ್ನು ಹಿಡಿದುಕೊಂಡು ಕೂತೆ.

ಅಪ್ಪ ಕೈ ಚಾಚಿ ತೆಗೆದುಕೊಂಡ. ವಿಳಾಸ ಓದಿ ಹೇಳಿದ, ಯಾವ ಬಸ್ಸು ಎಂಬುದನ್ನೂ ಹೇಳಿದ. ವೃದ್ಧರು ನನ್ನ ಕಡೆ ಕರುಣೆಯಿಂದ ನೋಡಿ, ಹೆಣ್ಣುಮಗಳೆಂದು ಓದಿಸಲಿಲ್ಲವೇ ಎಂದು ಅಪ್ಪನನ್ನು ಕೇಳಿದರು.

ನಾನು ಟೀಚರ್ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಪ್ಪ ತನ್ನ ರಾಯಚೂರಿನ ಉರ್ದುವಿನಲ್ಲಿ ಉತ್ತರ ಕೊಟ್ಟ. ಕನ್ನಡದಲ್ಲಿ ಹೇಳುವುದಾದರೆ ಅವನು ಅಂದದ್ದು ಇಷ್ಟು: “ನನ್ನ ಮಗಳು ಬಹಳ ಓದಿದವಳು ಸಾಹೇಬರೇ. ಈ ಅಕ್ಷರ ಬರದಿರುವುದು ಅವಳ ತಪ್ಪಲ್ಲ. ಅವಳ ಕಾಲಕ್ಕೆ ಶಾಲೆಯೇ ಬದಲಾಗಿತ್ತು.”

ದೇವದುರ್ಗದಲ್ಲಿ ಜೊತೆಯ ಶಿಕ್ಷಕರು ನಿಮ್ಮ ತಂದೆ ಎಷ್ಟು ಓದಿದ್ದಾರೆ ಎಂದು ಕೇಳಿದಾಗಲೆಲ್ಲ ನಾನು ‘ಓದಿಲ್ಲ’ ಎಂದುಬಿಡುತ್ತಿದ್ದೆ. ಅವನ ಪರವಾಗಿ ಇಷ್ಟು ಮಾತನ್ನು ನಾನು ಒಬ್ಬರ ಮುಂದೆಯೂ ಆಡಿರಲಿಲ್ಲ.